ಬಾವುಟದ ಸರಳಿಗೆ ಕೆಂಪು ಅರಿವೆ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ವಿದೇಶಾಂಗ ಸುದ್ದಿ ಕೇಳುವುದನ್ನು ನಾನು ಕಲಿತದ್ದು ನನ್ನ ಗಂಡ ಪರದೇಶದಲ್ಲಿ ಸಿಕ್ಕಿಬಿದ್ದ ವರ್ಷ. ಅದಕ್ಕೂ ಮೊದಲು ಸುದ್ದಿ ಎಂದರೆ ನನಗೆ ನಾಳೆ ಮಳೆ ಉಂಟೋ ಇಲ್ಲವೋ, ಕರೆಂಟು ಎಷ್ಟು ಹೊತ್ತು ಹೋಗುತ್ತದೆ, ಇಷ್ಟೇ. ಯಾವ ದೇಶದ ಮಂತ್ರಿ ಯಾವ ದೇಶದ ಮಂತ್ರಿಯ ಕೈ ಕುಲುಕಿದ, ಎಷ್ಟು ಹೊತ್ತು ಕುಲುಕಿದ, ಕುಲುಕುವಾಗ ನಕ್ಕನೋ ಇಲ್ಲವೋ ಎಂದು ನೋಡುವ ಚಟ ನನಗೆ ಯಾಕೆ ಬೇಕಿತ್ತು? ಆದರೆ ಬಂತು. ಈಗಲೂ ಬಿಟ್ಟಿಲ್ಲ.

ಘಟ್ಟದ ಕೆಳಗೆ, ನೆರೆರಾಜ್ಯದ ಫೋಂಡಾ ಪೇಟೆಯ ಹಿಂದಿನ ಗಲ್ಲಿಯಲ್ಲಿ ನನ್ನ ಹೊಲಿಗೆ ಅಂಗಡಿ. ದೊಡ್ಡದೇನಲ್ಲ. ಮುಂದೆ ಮಷೀನು, ಹಿಂದೆ ಮನೆ, ನಡುವೆ ಒಂದು ಪರದೆ. ನಾವು ವಿಜಾಪುರದ ಕಡೆಯವರು. ನಾನು ಇಲ್ಲಿಯದೇ ಒಂದು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಜಗಳಾಡಲಿಕ್ಕೂ ಬರೆಯಲಿಕ್ಕೂ ಅಷ್ಟು ಅಕ್ಷರ ಸಾಕು ಎಂದು ನನ್ನ ನಂಬಿಕೆ.

ನಮ್ಮವರದು ಕಬ್ಬಿಣ ಕಟ್ಟುವ ಕೆಲಸ. ಸ್ಲ್ಯಾಬ್ ಹಾಕುವ ಮುಂಚೆ ಸರಳುಗಳನ್ನು ಜಾಲರಿಯ ಹಾಗೆ ಹರಡಿ, ಒಂದು ಸರಳು ಇನ್ನೊಂದನ್ನು ಕೂಡುವ ಪ್ರತಿ ಜಾಗಕ್ಕೂ ತಂತಿ ಸುತ್ತಿ, ಹುಕ್ಕಿನಿಂದ ತಿರುವಿ ಬಿಗಿಯಬೇಕು. ಮಡ್ಕಯಿಯ ಕಾರ್ಖಾನೆಗಳ ತಳಪಾಯ, ಪರ್ವರಿಯ ಫ್ಲ್ಯಾಟುಗಳು, ಹೊಳೆಯ ಮೇಲಿನ ಸೇತುವೆಯ ಕಂಬ, ಎಲ್ಲದರ ಎಲುಬೂ ಅವರ ಕೈಯಿಂದ ಹಾದದ್ದೇ. ಕಾಂಕ್ರೀಟು ಬಿದ್ದ ಮೇಲೆ ಆ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕಟ್ಟಿದವರೂ ಬೀಳುವುದಿಲ್ಲ. ಇಪ್ಪತ್ತು ವರ್ಷ ಇಲ್ಲಿ ದುಡಿದ ಮೇಲೂ ಅವರಿಗಿದ್ದ ಹೆಸರು ಒಂದೇ: ಘಾಟಿ. ಘಟ್ಟದ ಮೇಲಿನಿಂದ ಬಂದವನು ಎಂದು ಅರ್ಥ. ಆ ಮಾತನ್ನು ಯಾರೂ ಪ್ರೀತಿಯಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗಾಗಿ, ನಮ್ಮ ಸರಕಾರವೇ ಒಂದು ಪರದೇಶದ ಜೊತೆ ಮಾತಾಡಿಕೊಂಡು ಕಟ್ಟಡ ಕೆಲಸದವರನ್ನು ಕಳಿಸುತ್ತದೆ ಎಂಬ ಸುದ್ದಿ ಬಂದಾಗ ಹೋಗಿ ಎಂದವಳು ನಾನೇ. "ಈಗ ನಮ್ಮ ದೇಶದ ಹೆಸರು ದೊಡ್ಡದಾಗೇತ್ರಿ. ಅಲ್ಲೆ ಯಾರೂ ನಿಮಗ ಘಾಟಿ ಅನ್ನೂದಿಲ್ಲ, ಇಂಡಿಯಾದವ್ರು ಅಂತಾರ," ಎಂದೆ. ಅವರಿಗೆ ಅಷ್ಟು ಮನಸ್ಸಿರಲಿಲ್ಲ. ನಾನು ಒಂದು ತಿಂಗಳು ಬೆನ್ನು ಬಿದ್ದು ಒಪ್ಪಿಸಿದೆ. ಅಲ್ಲಿ ಮುಟ್ಟಿದ ವಾರದಲ್ಲೇ ಫೋಟೋ ಕಳಿಸಿದರು. ಕೊರಳಲ್ಲಿ ಬಿಲ್ಲೆ, ಬಿಲ್ಲೆಯ ಮೇಲೆ ಅವರ ಮುಖ, ಕೆಳಗೆ 'ಸ್ಟೀಲ್ ಫಿಕ್ಸರ್, ಇಂಡಿಯಾ'. ನನ್ನ ಅತ್ತೆ ಆ ಫೋಟೋವನ್ನು ಫೋನಿನ ಸಮೇತ ಕಣ್ಣಿಗೊತ್ತಿಕೊಂಡರು. ನಾನು ಗಿರಾಕಿಗಳಿಗೆಲ್ಲ ತೋರಿಸಿದೆ. ಬೇಡವೆಂದವರಿಗೂ ತೋರಿಸಿದೆ.

ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆಯ ಮಂದಿ ಇನ್ನೂ ಅಲ್ಲಿದ್ದಾರೆ, ನನ್ನ ಬಾಯಿಂದ ಅವರಿಗೆ ತೊಂದರೆಯಾಗುವುದು ಬೇಡ. ಎಂಟನೆಯ ತಿಂಗಳಿಗೆ ಆ ದೇಶಕ್ಕೂ ಪಕ್ಕದ ದೇಶಕ್ಕೂ ಯುದ್ಧ ಹತ್ತಿತು. ನಮ್ಮವರಿದ್ದದ್ದು ಗಡಿಗೆ ಹತ್ತಿರದ ಊರು. ಪಕ್ಕದ ದೇಶದ ಸೈನ್ಯ ಒಳಗೆ ನುಗ್ಗಿ ಅರ್ಧ ದಾರಿ ಹಿಡಿದುಕೊಂಡಿತ್ತು. ಅಲ್ಲಿಂದ ಹೊರಬರಲಿಕ್ಕೆ ಉಳಿದ ಒಂದೇ ರಸ್ತೆ ಶಾಂತಿಯಿದ್ದ ಮೂರನೆಯ ದೇಶದ ಕಡೆ ಹೋಗುತ್ತಿತ್ತು, ಮತ್ತು ಆ ರಸ್ತೆಯ ಮೇಲೆ ಮೊದಲು ಆ ದೇಶದ ಸೈನ್ಯದ ಠಾಣೆ, ಆಮೇಲೆ ನುಗ್ಗಿ ಬಂದವರ ಠಾಣೆ. ಹನ್ನೊಂದು ಮಂದಿ ಕೆಲಸದವರು ಒಂದು ಶೆಡ್ಡಿನಲ್ಲಿ ಕೂತು ಮದ್ದುಗುಂಡಿನ ಸಪ್ಪಳ ಕೇಳುತ್ತಿದ್ದರು. ಫೋನಿನಲ್ಲಿ ನನಗೂ ಕೇಳಿಸುತ್ತಿತ್ತು. ದೂರದಲ್ಲಿ ಯಾರೋ ಕಬ್ಬಿಣದ ತಗಡು ಎತ್ತಿ ಒಗೆದಂತೆ.

ನನ್ನ ಅಂಗಡಿಯ ಎದುರಿಗೆ ಚಹಾದಂಗಡಿ. ಅದರಲ್ಲಿ ಟೀವಿ. ಯುದ್ಧ ಶುರುವಾದ ಮೇಲೆ ಗಿರಾಕಿ ಹೆಚ್ಚಾದರು. ನಮ್ಮ ದೇಶ ಈಗ ಯಾರ ಮಾತೂ ಕೇಳುವುದಿಲ್ಲವಂತೆ, ಎರಡೂ ಕಡೆಯವರು ನಮ್ಮ ಕಾಲು ಹಿಡಿಯುತ್ತಾರಂತೆ, ಹೀಗೆ ಟೀವಿಯವನು ಚೀರುವುದು, ಇವರು ಗ್ಲಾಸು ಕುಟ್ಟುವುದು. ಒಂದು ಮಧ್ಯಾಹ್ನ ಚಹಾದಂಗಡಿಯವನು ನನಗೆ ಧೈರ್ಯ ಹೇಳಲೆಂದೇ ಕೂಗಿದ, "ಅಕ್ಕಾ, ಏನೂ ಹೆದರಬ್ಯಾಡ್ರಿ. ಈಗ ನಮ್ಮ ದೇಶ ಅಂದ್ರ ಜಗತ್ತ ನಡಗತೈತಿ."

"ನಡಗೂದು ನನ್ನ ಕೈ ಐತಿ ತಮ್ಮಾ, ಸೂಜಿಗೆ ದಾರ ಪೋಣ್ಸಾಕ ಆಗವಲ್ದು. ಆ ಡಬ್ಬಿ ಸಪ್ಪಳ ಕಡಿಮಿ ಮಾಡು," ಎಂದೆ.

ಅವನು ಪಾಪ ಒಳ್ಳೆಯವನು, ಕಡಿಮೆ ಮಾಡಿದ. ಆದರೆ ಕಡಿಮೆ ಮಾಡಿದ ಮೇಲೆ ಇನ್ನೂ ಕಷ್ಟವಾಯಿತು. ಏನು ಹೇಳುತ್ತಿದ್ದಾರೆಂದು ನನಗೆ ತಿಳಿಯಲೇಬೇಕಿತ್ತು. ಎದ್ದು ಹೋಗಿ ಬಾಗಿಲಲ್ಲಿ ನಿಂತು ಕೇಳಿದೆ. ನಾಚಿಕೆಯೂ ಆಯಿತು. ನಾಲ್ಕು ತಿಂಗಳ ಹಿಂದೆ ಇದೇ ಟೀವಿಯ ಮುಂದೆ ಇದೇ ಮಾತಿಗೆ ನಾನೂ ಚಪ್ಪಾಳೆ ತಟ್ಟಿದ್ದೆ.

ಪರ್ವರಿಯಲ್ಲಿ ನನಗೊಂದು ಹಳೆಯ ಗಿರಾಕಿ ಮನೆ ಇದೆ. ಆ ಮನೆಯ ಸಾಹೇಬರು ಧಾರವಾಡದವರು, ಪರದೇಶದ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಹೆಂಡತಿಯ ರವಿಕೆಗಳನ್ನು ಹೊಲಿದು ಕೊಡಲು ಹೋದಾಗಲೆಲ್ಲ ನಾನು ಸಾಹೇಬರ ಕುರ್ಚಿಯ ಹತ್ತಿರ ನಿಲ್ಲತೊಡಗಿದೆ. ಪ್ರಪಂಚದ ದೊಡ್ಡ ಸಭೆಯೊಂದರಲ್ಲಿ ಈ ಯುದ್ಧದ ಬಗ್ಗೆ ಮತ ಹಾಕುವಾಗ ನಮ್ಮವರು ಯಾರ ಪರವಾಗಿಯೂ ಕೈ ಎತ್ತಲಿಲ್ಲ ಎಂದು ಸುದ್ದಿ ಬಂದಿತ್ತು. ಅದು ಚಲೋದೋ ಕೆಟ್ಟದೋ ನನಗೆ ತಿಳಿಯಬೇಕಿತ್ತು.

"ಚಲೋನ ಆತು," ಎಂದರು ಸಾಹೇಬರು. "ಅವ್ರ ಪರ ಕೈ ಎತ್ತಿದ್ರ ಇವ್ರಿಗೆ ಸಿಟ್ಟು, ಇವ್ರ ಪರ ಎತ್ತಿದ್ರ ಅವ್ರಿಗೆ ಸಿಟ್ಟು. ಎಲ್ಲಾರ ಜೋಡಿ ಮಾತಾಡೊ ದೇಶ ನಮ್ಮದು. ಅದ ನಮ್ಮ ಶಕ್ತಿ."

"ಸಾಹೇಬ್ರ, ಎಲ್ಲಾರ ಜೋಡಿ ನಕ್ಕೋತ ಮಾತಾಡಾಕಿನ್ನ ನಮ್ಮ ಓಣ್ಯಾಗ ಯಾರೂ ನಂಬೂದಿಲ್ರಿ. ಜಗಳ ಬಿದ್ದಾಗ ಆಕಿ ಮನಿಗೇ ಮೊದ್ಲ ಕಲ್ಲು ಬೀಳತೈತಿ."

ಸಾಹೇಬರು ನಕ್ಕರು. ಆದರೆ ಉತ್ತರ ಹೇಳುವ ಮೊದಲು ಒಮ್ಮೆ ಕನ್ನಡಕ ತೆಗೆದು ಒರೆಸಿದರು. ಯಾವುದಕ್ಕೂ ತಡವರಿಸದ ಮನುಷ್ಯ ಅವರು. ದೊಡ್ಡ ದೊಡ್ಡ ಕಚೇರಿಯಲ್ಲಿ ಕೂತು ಬಂದವರಿಗೂ ಇದರ ಉತ್ತರ ಗೊತ್ತಿಲ್ಲ ಎಂದು ನನಗೆ ಆಗ ಹೊಳೆಯಿತು.

"ಮೊದ್ಲ ಬೀಳತೈತಿ ಅಂತ ಏನಿಲ್ಲ," ಎಂದರು ಕೊನೆಗೆ. "ನಮ್ಮ ಬಾವುಟಕ್ಕ ಎರಡೂ ಕಡೆ ಮರ್ಯಾದಿ ಐತಿ. ಹೊರಡೂ ಪ್ರಸಂಗ ಬಂದ್ರ ಗಾಡಿಗೆ ಬಾವುಟ ಕಟ್ಟಿ ಹೊರಡಾಕ ಹೇಳ್ರಿ. ಬ್ಯಾರೆ ಯಾವ ಬಣ್ಣದ ಅರಿವೀನೂ ಗಾಡಿ ಮ್ಯಾಲೆ ಇರಬಾರ್ದು. ಅಂಥಾ ಜಾಗಾದಾಗ ಸೈನಿಕರು ಏನರ ತಿಳ್ಕೊಂಡು ಗುಂಡ ಹಾರಸ್ತಾರ."

ಎರಡು ದಿನದಲ್ಲಿ ಆ ಪ್ರಸಂಗ ಬಂದೇ ಬಂತು. ಸೋಮವಾರ ರಾಯಭಾರ ಕಚೇರಿಯಿಂದ ಎಲ್ಲರ ಫೋನಿಗೂ ಒಂದು ಸಂದೇಶ ಹೋಯಿತು. ನಿಮ್ಮಲ್ಲಿಗೆ ಬಸ್ಸು ಕಳಿಸಲಾಗುವುದಿಲ್ಲ, ಸಿಕ್ಕ ಗಾಡಿಯಲ್ಲಿ ಹಗಲು ಹೊತ್ತಿನಲ್ಲಿ ಗಡಿಗೆ ಬನ್ನಿ, ರಾಷ್ಟ್ರಧ್ವಜ ಎದ್ದು ಕಾಣುವಂತೆ ಕಟ್ಟಿರಿ. ಮಂಗಳವಾರ ಬೆಳಿಗ್ಗೆ ನಮ್ಮವರು ಫೋನು ಮಾಡಿದರು. ಒಂದು ಹಳೆಯ ವ್ಯಾನು ಸಿಕ್ಕಿತ್ತು. ಸಿಗದೆ ಇದ್ದದ್ದು ಬಾವುಟ.

"ಇಲ್ಲೆ ಅಂಗಡಿ ಎಲ್ಲಾ ಬಂದ್ ಅದಾವು. ಇದ್ರೂ ನಮ್ಮ ಬಾವುಟ ಯಾಂವ ಮಾರ್ತಾನ?"

"ನಿಮ್ಮ ಹತ್ರ ಏನೇನು ಬಣ್ಣದ ಅರಿವಿ ಐತಿ ಅಷ್ಟ ಹೇಳ್ರಿ," ಎಂದೆ. "ಬಾವುಟ ನಾ ಮಾಡಸ್ತೇನಿ."

ನಗಬೇಡಿ, ಆಗ ನನ್ನ ಮಡಿಲ ತುಂಬ ಬಾವುಟಗಳೇ ಇದ್ದವು. ಅದೇ ತಿಂಗಳು ಸಮುದ್ರ ದಂಡೆಯ ಒಂದು ಹೋಟೆಲಿನಲ್ಲಿ ಹಲವು ದೇಶದವರ ಸಭೆಯಿತ್ತು. ಊರೆಲ್ಲ ಸುಣ್ಣಬಣ್ಣ, ರಸ್ತೆಗೆಲ್ಲ ಹೊಸ ದೀಪ. ಮಂಟಪ, ಕುರ್ಚಿ ಬಾಡಿಗೆಗೆ ಕೊಡುವವನೊಬ್ಬ ಮೇಜಿನ ಮೇಲಿಡುವ ಗೇಣುದ್ದದ ಬಾವುಟಗಳ ಅಂಚು ಹೊಲಿಯಲು ನನಗೆ ಕೊಟ್ಟಿದ್ದ. ಬಡಿದಾಡುತ್ತಿದ್ದ ಆ ಎರಡು ದೇಶಗಳ ಬಾವುಟವೂ ಅದರಲ್ಲಿದ್ದವು. ಅಲ್ಲಿ ಅವರ ನಡುವೆ ನನ್ನ ಗಂಡ, ಇಲ್ಲಿ ಅವರಿಬ್ಬರೂ ನನ್ನ ಮಡಿಲಲ್ಲಿ. ಎಲ್ಲ ಬಾವುಟದ ಮೇಲೂ ಮಷೀನು ಓಡಿಸಿದೆ, ಅವೆರಡನ್ನು ಮಾತ್ರ ಕೈಯಿಂದ ಹೊಲಿದೆ. ಸೂಜಿ ಜಾಸ್ತಿ ಚುಚ್ಚಿದರೆ ಅಲ್ಲಿ ಯಾರಿಗಾದರೂ ಸಿಟ್ಟು ಬಂದೀತು ಎಂಬ ಹುಚ್ಚು. ಹುಚ್ಚೆಂದು ಗೊತ್ತಿತ್ತು, ಆದರೂ ಕೈಯಿಂದಲೇ ಹೊಲಿದೆ.

ಕೇಸರಿಗೆ ಸೈಟಿನಲ್ಲಿ ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಜಾಕೀಟು ಇತ್ತು. ಹೊಳೆಯುವ ಪಟ್ಟಿಗಳನ್ನು ಕಿತ್ತು ಹಾಕಿಸಿದೆ. ಬಿಳಿಗೆ ಹಾಸಿಗೆಯ ಚಾದರ. ಹಸಿರಿಗೆ ಕಟ್ಟಡದ ಸುತ್ತ ಇಳಿಬಿಡುವ ಹಸಿರು ಜಾಳಿಗೆ. ಒಂದೇ ಪದರಾದರೆ ಆಚೆಯದೆಲ್ಲ ಕಾಣುತ್ತದೆ, ನಾಲ್ಕು ಮಡಿಕೆ ಮಾಡಿರಿ ಎಂದೆ. ಗೇಣು ಲೆಕ್ಕದಲ್ಲಿ ಮೂರೂ ಪಟ್ಟಿ ಅಳೆಸಿದೆ. ಸೂಜಿದಾರ ಇರಲಿಲ್ಲ. ಅವರು ಕಬ್ಬಿಣ ಕಟ್ಟುವ ತಂತಿಯನ್ನೇ ಚುಚ್ಚಿ, ನಾಲ್ಕು ಬೆರಳಿಗೊಂದರಂತೆ ಹುಕ್ಕಿನಿಂದ ತಿರುವಿ ಬಿಗಿದರು. ಸ್ಲ್ಯಾಬಿನ ಜಾಲರಿ ಕಟ್ಟಿದ ಹಾಗೆಯೇ.

"ಚಕ್ರ ಹೆಂಗ ತಗೀತೀರಿ? ಇಪ್ಪತ್ನಾಕು ಗೆರಿ ಅದಾವು ಮತ್ತ."

ಅವರು ನಕ್ಕರು. ಆ ಇಡೀ ಹದಿನೈದು ದಿನದಲ್ಲಿ ನಾನು ಕೇಳಿದ ಮೊದಲ ನಗೆ. "ಸೇತುವಿ ಕಂಬಕ್ಕ ಇಪ್ಪತ್ನಾಕು ರಾಡಿನ ಪಂಜರ ಎಷ್ಟ ಕಟ್ಟಿಲ್ಲ ನಾ? ಅದನ್ನ ನೀ ನನಗ ಕಲಸ್ತಿ?" ಗೋಡೆ ಕಟ್ಟುವ ಗವಂಡಿಗಳು ಗೆರೆ ಹೊಡೆಯಲು ದಾರಕ್ಕೆ ಹಚ್ಚುವ ನೀಲಿ ಪುಡಿಯನ್ನು ನೀರಲ್ಲಿ ಕಲಸಿ, ದುಂಡಗೆ ಗೆರೆ ಎಳೆದು, ಇಪ್ಪತ್ನಾಲ್ಕು ಭಾಗ ಮಾಡಿದರು. ಫೋಟೋ ಕಳಿಸಿದಾಗ ನೋಡಿದೆ. ಒಂದು ಗೆರೆಯೂ ಹೆಚ್ಚುಕಡಿಮೆ ಇರಲಿಲ್ಲ. ನಾನು ಹೊಲಿದ ಹೋಟೆಲಿನ ಬಾವುಟಕ್ಕಿಂತ ಅದು ನನಗೆ ಚೆಂದ ಕಂಡಿತು.

ಬುಧವಾರ ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಂದು ಫೋಟೋ ಬಂತು. ವ್ಯಾನಿನ ಮೇಲೆ ಒಂದು ಉದ್ದನೆಯ ಸರಳನ್ನು ಓರೆಯಾಗಿ ಬಿಗಿದು ಅದಕ್ಕೆ ಬಾವುಟ ಕಟ್ಟಿದ್ದರು. ಸರಳಿನ ಇನ್ನೊಂದು ತುದಿ ಗಾಡಿಯ ಹಿಂದೆ ಮೊಳದುದ್ದ ಹೊರಗೆ ಚಾಚಿತ್ತು. ಆ ತುದಿಯಲ್ಲಿ ಏನೋ ಕೆಂಪಗೆ. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕೆಂಪು ಅರಿವೆ.

ನನಗೆ ಅರ್ಥವಾಯಿತು. ನಮ್ಮ ಮಾವ, ಅಂದರೆ ಇವರ ತಂದೆ, ಸತ್ತದ್ದು ಲಾರಿಯಿಂದ ಹೊರಗೆ ಚಾಚಿದ ಸರಳಿಗೆ. ಮುಂದಿನ ಲಾರಿಯಲ್ಲಿ ಕಬ್ಬಿಣ, ಹಿಂದೆ ಸೈಕಲ್ಲಿನ ಮೇಲೆ ಅವರು, ಸಂಜೆಯ ಬಿಸಿಲು ಕಣ್ಣಿಗೆ. ಸರಳಿನ ತುದಿಗೆ ಕೆಂಪು ಅರಿವೆ ಕಟ್ಟಬೇಕಾದವನು ಕಟ್ಟಿರಲಿಲ್ಲ. ನನ್ನ ಅತ್ತೆ ಆವತ್ತಿನಿಂದ ಮಗನಿಗೆ ಹೇಳಿಕೊಟ್ಟ ದೇವರ ಮಾತು ಒಂದೇ, ಕೆಂಪು ಅರಿವೆ ಕಟ್ಟದೆ ಸರಳಿನ ಗಾಡಿ ಬಿಡಬೇಡ. ನಮ್ಮವರ ಊಟದ ಡಬ್ಬಿಯ ಚೀಲದಲ್ಲಿ ಯಾವಾಗಲೂ ಕೆಂಪು ತುಂಡುಗಳಿರುತ್ತಿದ್ದವು, ನಾನೇ ಉಳಿದ ಬಟ್ಟೆಯಲ್ಲಿ ಕತ್ತರಿಸಿ ಹಾಕುತ್ತಿದ್ದೆ. ಬೇರೆಯವರ ಲಾರಿ ನಿಂತಿದ್ದರೂ ಹೋಗಿ ಕಟ್ಟಿ ಬರುವ ಮನುಷ್ಯ.

ಆದರೆ ಅದು ಫೋಂಡಾದ ರಸ್ತೆಯಲ್ಲವಲ್ಲ! ಕೂಡಲೇ ಫೋನು ಮಾಡಿದೆ.

"ಆ ಕೆಂಪ ಅರಿವಿ ಬಿಚ್ಚ್ರಿ ಮೊದ್ಲ. ಬ್ಯಾರೆ ಬಣ್ಣ ಇರಬಾರ್ದು ಅಂದಾರ ಸಾಹೇಬ್ರು."

"ರಾಡ್ ಹೊರಗ ಬಂದೈತಿ. ಹಿಂದ ಮಂದಿ ಬರ್ತಾರ."

"ಯಾವ ಮಂದಿ ಬರ್ತಾರ್ರಿ ಅಲ್ಲಿ? ಬಂದೂಕಿನವ್ರು ಬರ್ತಾರ. ಬಿಚ್ಚ್ರಿ ಅಂದ್ರ ಬಿಚ್ಚ್ರಿ!"

"ಬಿಚ್ಚೂದಿಲ್ಲ."

"ನಿಮಗ ತಲಿ ಐತ್ಯೋ ಇಲ್ಲೋ? ಹಠಮಾರಿ ಜನ್ಮ. ಸಾಯಾಕ ಹೊಂಟೀರಿ?"

ಫೋನು ಇಟ್ಟುಬಿಟ್ಟರು. ತಿರುಗಿ ಮಾಡಿದೆ, ಹತ್ತಲಿಲ್ಲ. ಆ ಮೇಲೆ ಎರಡು ದಿನ ಹತ್ತಲಿಲ್ಲ. ನನ್ನ ಕೊನೆಯ ಮಾತು ಸಾಯುವ ಮಾತಾಗಿತ್ತು.

ಅವರು ಹೊರಟ ಆ ಹೊತ್ತಿಗೇ ಎದುರಿನ ಟೀವಿಯಲ್ಲಿ ನಮ್ಮ ಸರಕಾರದ ದೊಡ್ಡ ಮನುಷ್ಯರೊಬ್ಬರ ಭಾಷಣ. ಯಾವುದೋ ರಾಜಧಾನಿಯಲ್ಲಿ, ಹೂವಿನ ಕುಂಡಗಳ ನಡುವೆ ನಿಂತು ಹೇಳಿದರು. ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ, ನಮಗೆ ಬೇಕಾದವರಿಗೆ ಮಾರುತ್ತೇವೆ, ಬೇಕಾದವರಿಂದ ಕೊಳ್ಳುತ್ತೇವೆ. ಚಹಾದಂಗಡಿಯಲ್ಲಿ ಸಿಳ್ಳೆ ಹೊಡೆದರು. ಮಾತು ಸರಿಯೇ ಇರಬಹುದು, ನನಗೆ ಅದರ ಲೆಕ್ಕ ತಿಳಿಯದು. ಆದರೆ ಆ ಮಾತು ಆ ಹೊತ್ತಿಗೆ ಠಾಣೆಯ ಮೇಲೆ ಕೂತ ಯಾವನೋ ಸೈನಿಕನ ಫೋನಿನಲ್ಲೂ ಬಿದ್ದಿರುತ್ತದೆ, ಅವನ ಎದುರಿಗೆ ನನ್ನ ಗಂಡನ ವ್ಯಾನು ಬರುತ್ತಿರುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಯಾರನ್ನು ಬೈದೆನೋ, ಆ ದೊಡ್ಡ ಮನುಷ್ಯರನ್ನೋ ನನ್ನನ್ನೋ.

ಸಾಹೇಬರಿಗೆ ಫೋನು ಮಾಡಿದೆ. "ಈ ಮಾತಿಂದ ಏನಾರ ಆಗತೈತೇನ್ರಿ?"

"ಮಾತಾಡಿದ್ದು ಬ್ಯಾರೆ ವಿಷಯಕ್ಕ..." ಎಂದರು. ಆಮೇಲೆ, "ದೇವರಿದ್ದಾನವ್ವಾ," ಎಂದರು. ಅಷ್ಟು ವರ್ಷ ರಾಜತಂತ್ರ ಮಾಡಿದವರು ದೇವರ ಮೇಲೆ ಹಾಕಿದರೆ ನನ್ನಂಥವಳು ಯಾರ ಮೇಲೆ ಹಾಕಲಿ?

ಬುಧವಾರ ಹೋಯಿತು. ಗುರುವಾರ ನಾನು ಅಂಗಡಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಒಂದು ಲಂಗಕ್ಕೆ ಎರಡು ಸಲ ಒಂದೇ ಕಡೆ ನೆರಿಗೆ ಹಿಡಿದೆ. ಹೆದರಿಕೆ ಎಂದರೆ ಎದೆ ಹೊಡೆದುಕೊಳ್ಳುವುದು ಎಂದು ತಿಳಿದಿದ್ದೆ, ಹಾಗಲ್ಲ. ಕಿವಿ ದೊಡ್ಡದಾಗುತ್ತದೆ. ಗಲ್ಲಿಯ ಆ ತುದಿಯಲ್ಲಿ ಯಾರದೋ ಫೋನು ಬಡಿದರೆ ನಾನು ನನ್ನದನ್ನು ಎತ್ತಿ ನೋಡುತ್ತಿದ್ದೆ. ಮನೆಯೊಳಗೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಅವರ ಮಗ್ಗುಲಿಗೆ ಕೂತು ಹೇಳಿಬಿಟ್ಟೆ, "ಅತ್ತೀ, ಕಳಿಸಿದಾಕಿ ನಾನ. ಕೆಂಪ ಅರಿವಿ ಸಲವಾಗಿ ಬೈದಾಕೀನೂ ನಾನ."

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. "ಬಿಚ್ಚ್ಯಾನೇನು?" ಎಂದು ಕೇಳಿದರು.

"ಇಲ್ಲ."

"ಚಲೋ ಆತು," ಎಂದು ಮತ್ತೆ ಗೋಡೆಯ ಕಡೆ ತಿರುಗಿದರು. ಆಗ ಅವರ ಮೇಲೂ ನನಗೆ ಸಿಟ್ಟು ಬಂತು. ತಾಯಿ ಮಗ ಇಬ್ಬರದೂ ಒಂದೇ ಹಠ, ಆ ಹಠಕ್ಕೆ ವಿಧವೆಯಾಗುವವಳು ನಾನು!

ಶುಕ್ರವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಲಿಕ್ಕೆ ಕೈ ಬರಲಿಲ್ಲ. ಮೂರನೆಯ ಸಲ ಅತ್ತೆಯೇ ಒತ್ತಿ ನನ್ನ ಕಿವಿಗೆ ಹಿಡಿದರು.

"ದಾಟಿದ್ವಿ," ಎಂದರು ನಮ್ಮವರು.

ಏನೇನೋ ಹೇಳಬೇಕೆಂದು ಎರಡು ದಿನ ಉರು ಹೊಡೆದಿದ್ದೆ. "ಊಟ ಆತೇನ್ರಿ?" ಎಂದಷ್ಟೇ ಬಂತು. ಆಮೇಲೆ ಅತ್ತೆ ಸೊಸೆ ಇಬ್ಬರೂ ಕೂತು ಅತ್ತೆವು, ಚಹಾದಂಗಡಿಯವನು ಬಂದು ಕೆಟ್ಟ ಸುದ್ದಿಯೆಂದು ತಿಳಿದು ತಾನೂ ಅತ್ತ.

ಅವರು ಮನೆ ಮುಟ್ಟಿದ ಮೂರನೆಯ ದಿನ ಗಲ್ಲಿಯಲ್ಲಿ ಸತ್ಕಾರ. ಕುರ್ಚಿ ಹಾಕಿದರು, ಶಾಲು ಹೊದಿಸಿದರು. ಬಾವುಟ ಎಲ್ಲಿ ಎಂದು ಕೇಳಿದರು. ಗಡಿಯ ಶಿಬಿರದಲ್ಲಿ ನಮ್ಮ ಅಧಿಕಾರಿಗಳು ಇಟ್ಟುಕೊಂಡರು ಎಂದರು ನಮ್ಮವರು. ಒಬ್ಬ ಮುಖಂಡ ಮೈಕು ಹಿಡಿದು ಹೇಳಿದ, "ನಮ್ಮ ಬಾವುಟ ನೋಡಿದ ಕೂಡ್ಲೇ ಎರಡೂ ಕಡಿಯವ್ರು ಬಂದೂಕ ಕೆಳಗ ಇಳಿಸಿ ದಾರಿ ಬಿಟ್ರು. ಹೌದಲ್ರಿ?" ನಮ್ಮವರು ತಲೆಯಾಡಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ಹೊಡೆದೆ, ಅವರು ಬದುಕಿ ಬಂದದ್ದಕ್ಕೆ.

ನಮ್ಮವರು ನಿಜ ಹೇಳಿದ್ದು ವಾರದ ಮೇಲೆ, ಒಂದು ಮಧ್ಯಾಹ್ನ ಪರದೆಯ ಹಿಂದೆ, ನಾನು ಇಸ್ತ್ರಿ ಮಾಡುತ್ತಿದ್ದಾಗ.

ಮೊದಲ ಠಾಣೆಯಲ್ಲಿ ಮುಖಂಡ ಹೇಳಿದ ಹಾಗೆಯೇ ಆಗಿತ್ತಂತೆ. ಬಾವುಟ ನೋಡಿ ಒಬ್ಬ ಸೈನಿಕ ಕೈ ಕುಲುಕಿ ಮುಂದೆ ಬಿಟ್ಟ. ಎರಡನೆಯ ಠಾಣೆಯಲ್ಲಿ ಬಾವುಟ ನೋಡಿಯೇ ಸಿಟ್ಟಿಗೆದ್ದರು. ತಲೆಯ ಮೇಲೆ ಎರಡು ಗುಂಡು ಹಾರಿಸಿ ಗಾಡಿ ನಿಲ್ಲಿಸಿದರು. ಹನ್ನೊಂದು ಮಂದಿಯನ್ನೂ ಇಳಿಸಿ ರಸ್ತೆಯ ಮೇಲೆ ಮೊಣಕಾಲೂರಿಸಿ, ಕೈ ಮೇಲೆತ್ತಿಸಿದರು. ಎಲ್ಲಿಯವನು ಎಂದು ಒಬ್ಬೊಬ್ಬನ ಮುಂದೆ ನಿಂತು ಚೀರಿದರು. ಇಂಡಿಯಾ ಎಂದರೆ ಸಾಕು, ಉಗುಳುತ್ತಿದ್ದರು. ಒಬ್ಬ ತನ್ನ ಫೋನಿನಲ್ಲಿ ನಮ್ಮ ದೊಡ್ಡ ಮನುಷ್ಯರ ಮುಖ ತೋರಿಸಿ ಏನೋ ಕೇಳಿದ. ಇವರಿಗೆ ಭಾಷೆ ಬಾರದು. ಹಾಗೆ ಎಷ್ಟು ಹೊತ್ತು ಎಂದು ಕೇಳಿದೆ. "ಬಿಸಲು ಇತ್ತ ಕಡಿ ಇತ್ತು, ಅತ್ತ ಕಡಿ ಹೋತು," ಎಂದರು.

ಆ ಹೊತ್ತಿಗೆ ಅವರಲ್ಲೇ ವಯಸ್ಸಾದ ಒಬ್ಬ ಸೈನಿಕ ಗಾಡಿಯನ್ನು ಸುತ್ತು ಹಾಕುತ್ತ ಹಿಂದೆ ಬಂದ. ಸರಳಿನ ತುದಿಯ ಕೆಂಪು ಅರಿವೆಯ ಹತ್ತಿರ ನಿಂತ. ಅದನ್ನು ಕೈಯಲ್ಲಿ ಹಿಡಿದು ನೋಡಿದ. ಬಾವುಟದ ಪಟ್ಟಿಗಳನ್ನು ಕೂಡಿಸಿದ ತಂತಿಯ ಗಂಟುಗಳನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಇವರ ಕಡೆ ತಿರುಗಿ, ಬಂದೂಕನ್ನು ಕಂಕುಳಲ್ಲಿ ಇಟ್ಟುಕೊಂಡು, ಬಲಗೈ ಮುಷ್ಟಿ ಮಾಡಿ ಎರಡು ಸಲ ಗಾಳಿಯಲ್ಲಿ ತಿರುವಿದ.

ನಮ್ಮವರು ಇದನ್ನು ಹೇಳುವಾಗ ತಾವೂ ಕೈ ತಿರುವಿ ತೋರಿಸಿದರು. ಹುಕ್ಕು ಹಾಕಿ ತಂತಿ ಬಿಗಿಯುವ ತಿರುವು. ಆ ಕೆಲಸ ಮಾಡದವನಿಗೆ ಅದು ಬರುವುದಿಲ್ಲ.

"ನಾ ಅಂಗಿ ಕಿಸೆದಾಗಿನ ಹುಕ್ಕ ತಗದು ತೋರಸ್ದೆ. ಅಂವ ನಕ್ಕ. ಉಳದವ್ರಿಗೆ ಏನೋ ಹೇಳ್ದ. ಅವ್ರು ಒಪ್ಪಲಿಲ್ಲ, ಇಂವ ಬೈದ. ಎಬ್ಬಿಸಿ ಗಾಡ್ಯಾಗ ಕುಂಡ್ರಿಸಿದ್ರು." ಬೆರಳಿನಿಂದ ಗಂಟು ಬಿಗಿದು ತೋರಿಸುತ್ತ, "ಹೊರಡೂ ಮುಂದ ಅಂವ ಆ ಕೆಂಪ ಅರಿವಿ ಗಂಟು ಸಡಲಾಗಿದ್ದನ್ನ ಬಿಗಿ ಮಾಡಿ ಕೊಟ್ಟ," ಎಂದರು.

ನನ್ನ ಇಸ್ತ್ರಿಪೆಟ್ಟಿಗೆ ಅಲ್ಲೇ ನಿಂತು ರವಿಕೆಯ ತೋಳು ಸುಟ್ಟಿತು.

"ಇದನ್ನ ಆವತ್ತ ಯಾಕ ಹೇಳಲಿಲ್ಲ ನೀವು?"

"ಶಾಲು ಹಾಕ್ಯಾರ. ಅವ್ರ ಮುಂದ ಬಾವುಟದ ಮರ್ಯಾದಿ ನಾ ಯಾಕ ತಗೀಲಿ? ಆ ಬಾವುಟ ನಾನ ಕಟ್ಟೇನಿ."

ಅವರ ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವಿರಲಿಲ್ಲ. ಅತ್ತೆಗೆ ಮಾತ್ರ ಎಲ್ಲ ಹೇಳಿದೆ. ಅವರು ಕೇಳಿ, ಒಳಗೆ ಹೋಗಿ, ನನ್ನ ಬಟ್ಟೆಯ ಮೂಟೆ ಬಿಚ್ಚಿ ಕೆಂಪು ತುಂಡುಗಳನ್ನು ಆರಿಸುತ್ತ ಕೂತರು. ಈಗ ಇದನ್ನು ಬರೆಯುತ್ತಿರುವುದಕ್ಕೂ ನಮ್ಮವರ ಒಪ್ಪಿಗೆ ಕೇಳಿದ್ದೇನೆ. ಹೆಸರು ಹಾಕಬೇಡ ಎಂದರು, ಅಷ್ಟೇ.

ಹೆದರಿಕೆ ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಅವರು ಮತ್ತೆ ಪರ್ವರಿಯ ಸೈಟಿಗೆ ಹೋಗತೊಡಗಿದ್ದರು, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಗಡ್ಡ ಬೋಳಿಸಿಕೊಳ್ಳುತ್ತಿದ್ದಾಗ ಪೊಲೀಸಿನವನೊಬ್ಬ ಮೋಟಾರು ಸೈಕಲ್ಲಿನ ಮೇಲೆ ಬಂದು ನಿಂತ. ಬಾಡಿಗೆಗೆ ಇರುವ ಹೊರಗಿನವರ ಹೆಸರು ಬರೆದುಕೊಳ್ಳುವ ಕಾಗದ ಅವನ ಕೈಯಲ್ಲಿತ್ತು. ವರ್ಷ ವರ್ಷ ಬರುತ್ತಾರೆ, ಹೊಸದೇನಲ್ಲ. ಇವನು ಹುಡುಗ, ಹೊಸಬ, ದನಿಯೂ ಗಡುಸಾಗಿರಲಿಲ್ಲ.

"ಖಂಯಚೊ ರೆ ತೂಂ?" ಎಂದ ಇಲ್ಲಿಯ ಮಾತಿನಲ್ಲಿ. ಎಲ್ಲಿಯವನೋ ನೀನು, ಎಂದು.

ನಮ್ಮವರು ಎದ್ದರು. ಕ್ಷೌರದ ಬ್ಲೇಡು ಮೆಟ್ಟಿಲಿಗೆ ಬಿತ್ತು. ಎರಡೂ ಕೈ ಮೇಲೆತ್ತಿದರು. ಅರ್ಧ ಗಲ್ಲಕ್ಕೆ ಸಾಬೂನಿತ್ತು.

"ಇಂಡಿಯಾ," ಎಂದರು. "ಇಂಡಿಯಾ, ಇಂಡಿಯಾ."

ಪೊಲೀಸಿನವನು ಮೊದಲು ತಮಾಷೆ ಎಂದು ತಿಳಿದು ನಕ್ಕ. ಎದುರಿನ ಚಹಾದಂಗಡಿಯಲ್ಲೂ ಯಾರೋ ನಕ್ಕರು. "ಇಂಡಿಯಾ ತೆಂ ಹಾಂವೆಂಯ್ ಜಾಣಾ," ಎಂದ ಪೊಲೀಸಿನವನು, ಇಂಡಿಯಾ ನನಗೂ ಗೊತ್ತು ಎಂದು. "ಗಾಂವ್ ಖಂಯಚೊ?" ಊರು ಯಾವುದು, ಎಂದು. ಆಮೇಲೆ ಇವರ ಮುಖ ನೋಡಿ ಅವನ ನಗು ನಿಂತಿತು.

ನಾನು ಮಷೀನು ಬಿಟ್ಟು ಓಡಿ ಬಂದೆ. ಒಂದು ಕೈ ಹಿಡಿದು ಇಳಿಸಿದೆ, ಇನ್ನೊಂದನ್ನು ಇಳಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಮೇಲೆ ಹೋಗಿತ್ತು. ಎರಡನ್ನೂ ಕೂಡಿಸಿ ನನ್ನ ಎದೆಗೆ ಅವುಚಿ ಹಿಡಿದುಕೊಂಡು, ನಮ್ಮ ಊರಿನ ಹೆಸರು, ತಾಲೂಕು, ಜಿಲ್ಲೆ ಎಲ್ಲ ನಾನೇ ಹೇಳಿ ಬರೆಸಿದೆ.